ಈಡನ್‌ಹಾಲಿನ ಗಾಜಿನ ಬಟ್ಟಲು

ಗಾಜು ಕ್ಷಣಭಂಗುರವೆಂಬುದನ್ನು ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆರು ಶತಮಾನಗಳಿಗಿಂತ ಹೆಚ್ಚು ಕಾಲ ಒಡೆಯದೆ ಉಳಿದಿರುವ ಗಾಜಿನ ಬಟ್ಟಲೊಂದು ಲಂಡನ್ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವುದು. ಅದರ ಎತ್ತರವು ಒಂದು ಗೇಣಿಗಿಂತ ಕಡಿಮೆ. ಬಾಯಿ ಹೂವಿನಂತೆ ಹೊರಕ್ಕೆ ಅರಳಿದೆ. ಮೈಮೇಲೆ ನೀಲಿ, ಹಸುರು, ಕೆಂಪು, ಬಿಳಿ ಬಣ್ಣಗಳ ಮೀನಾ ಕೆಲಸವೂ ಚಿನ್ನದ ಲೇಪವೂ ಉಂಟು. ‘ಈಡನ್‌ಹಾಲಿನ ಭಾಗ್ಯ’ ಎಂಬುದು ಅದರ ಹೆಸರು.

ಇಂಗ್ಲೆಂಡಿನ ಕಂಬರ್ಲೆಂಡ್ ಪ್ರಾಂತದ ಈಡನ್‌ಹಾಲ್ ಎಂಬ ಮನೆಯು ಮಸ್‌ಗ್ರೇವ್ ಮನೆತನಕ್ಕೆ ಸೇರಿದುದು. ಆ ಮನೆಯ ಸೇವಕನೊಬ್ಬನು ನೀರು ತರಲು ಬಾವಿಗೆ ಹೋದಾಗ ಅಲ್ಲಿ ಕಿನ್ನರಿಯರು ಕುಣಿಯುತ್ತಿದ್ದರಂತೆ. ಅವನು ಅವರ ಬಟ್ಟಲನ್ನು ಎತ್ತಿಕೊಂಡನು. ಇದು ಒಡೆದ ದಿನ ನಿಮ್ಮ ಮನೆಯ ಭಾಗ್ಯವೂ ತೀರುವುದೆಂದು ನುಡಿದು ಅವರು ಮಾಯವಾದರು. ಇದು ಜನರ ಕಥೆ.

ಇತಿಹಾಸವು ಹೇಳುವುದು ಬೇರೆ. 14ನೆಯ ಶತಮಾನದ ಮಧ್ಯಭಾಗದಲ್ಲಿ, ಮಾಮ್ಲೂಕ್ ಸುಲ್ತಾನರು ಆಳುತ್ತಿದ್ದ ಸಿರಿಯಾ ಅಥವಾ ಈಜಿಪ್ಟ್ ದೇಶದಲ್ಲಿ ಈ ಬಟ್ಟಲು ಸಿದ್ಧವಾಯಿತು. ಅಲ್ಲಿನ ಕುಶಲಕರ್ಮಿಗಳು ಕೊಳವೆಯಿಂದ ಗಾಜನ್ನು ಊದಿ ಪಾತ್ರೆಯನ್ನು ಮಾಡುವರು. ಅದರ ಮೇಲೆ ಚಿನ್ನವನ್ನೂ, ಬಣ್ಣದ ಗಾಜಿನ ಪುಡಿಯನ್ನು ಕಲಸಿದ ಲೇಪವನ್ನೂ ಹಚ್ಚಿ ಮತ್ತೆ ಕುಲುಮೆಗೆ ಒಡ್ಡುವರು. ಉರಿ ಸಾಲದಿದ್ದರೆ ಬಣ್ಣವು ಅಂಟದು. ಮಿತಿಮೀರಿದರೆ ಪಾತ್ರೆಯೇ ಕುಸಿಯುವುದು. ಕೈರೋ ನಗರದಲ್ಲಿ 1356ರಲ್ಲಿ ಆರಂಭವಾದ ಸುಲ್ತಾನ್ ಹಸನನ ಮಸೀದಿಯ ದೀಪಗಳೂ ಇದೇ ವಿದ್ಯೆಯ ಫಲ. ದೇವರ ಜ್ಯೋತಿಯನ್ನು ಗಾಜಿನೊಳಗಿನ ದೀಪಕ್ಕೆ ಹೋಲಿಸುವ ಕುರಾನಿನ ವಾಕ್ಯವನ್ನು ಅಂತಹ ಅನೇಕ ದೀಪಗಳ ಮೇಲೆ ಬರೆದಿರುವರು.

1400-01ರಲ್ಲಿ ತೈಮೂರನು ಡಮಾಸ್ಕಸ್ ನಗರವನ್ನು ಸೂರೆಗೊಂಡು ಕುಶಲಕರ್ಮಿಗಳನ್ನು ಸಮರ್ಕಂದಕ್ಕೆ ಒಯ್ದನು. ಮುಂದೆ ಈ ವಿದ್ಯೆಯು ಕ್ಷೀಣಿಸಿತು. 1569ರಲ್ಲಿ ತುರ್ಕರ ಪ್ರಧಾನಮಂತ್ರಿಯಾದ ಸೊಕೊಲ್ಲು ಮೆಹ್ಮದ್ ಪಾಷಾ ಮಸೀದಿಯ ದೀಪಗಳನ್ನು ವೆನಿಸ್ ನಗರದಿಂದಲೇ ತರಿಸಬೇಕಾಯಿತು.

ಅಷ್ಟರಲ್ಲಿ ನಮ್ಮ ಬಟ್ಟಲು ಯೂರೋಪನ್ನು ಸೇರಿದ್ದಿತು. ಅದಕ್ಕಾಗಿ 15ನೆಯ ಶತಮಾನದಲ್ಲಿ ಅಲ್ಲಿ ಮಾಡಿಸಿದ ಚರ್ಮದ ಸಂಪುಟವು ಇಂದಿಗೂ ಇದೆ. ಅದರ ಮೇಲೆ ಏಸುವಿನ ನಾಮಾಕ್ಷರಗಳಿವೆ. 1677ರ ಮಸ್‌ಗ್ರೇವ್ ಮರಣಶಾಸನದಲ್ಲಿ ಬಟ್ಟಲಿನ ಉಲ್ಲೇಖ ಬರುವುದು. 1834ರಲ್ಲಿ ಜರ್ಮನ್ ಕವಿ ಊಲಾಂಡನು ತನ್ನ ಕಥನಕವನದಲ್ಲಿ ಬಟ್ಟಲನ್ನು ಒಡೆಯಿಸಿ ಮನೆತನವನ್ನೂ ಅಳಿಸಿದನು. ನಡೆದುದು ಹಾಗಲ್ಲ. 1934ರಲ್ಲಿ ಕೆಡವಲ್ಪಟ್ಟುದು ಮನೆ. ಬಟ್ಟಲು ಅಖಂಡವಾಗಿಯೇ ಇದ್ದಿತು. 1958ರಲ್ಲಿ ಅದು ಸಂಗ್ರಹಾಲಯದ ಸ್ವತ್ತಾಯಿತು. ಬಟ್ಟಲಿದ್ದರೆ ಭಾಗ್ಯವಿರುವುದೆಂದು ನೆಚ್ಚಿದವರ ತರ್ಕದಲ್ಲಿ ವ್ಯಾಪ್ತಿಯೇ ಸಿದ್ಧಿಸಲಿಲ್ಲ.

ಆದರೂ ಆ ನಂಬಿಕೆಯನ್ನು ನಗಲು ಮನಸ್ಸು ಬಾರದು. ಗಾಜು ತಮ್ಮನ್ನು ಕಾಯುವುದೆಂದು ತಿಳಿದು ಅವರು ಗಾಜನ್ನು ಕಾಯ್ದರು. ಒಂದೇ ಅನ್ಯಾಯವೆಂದರೆ, ಕುಲುಮೆಯ ಮುಂದೆ ಬೆವರಿಳಿಸಿದ ಕುಶಲಕರ್ಮಿಗೆ ಸಲ್ಲಬೇಕಾದ ಕೀರ್ತಿಯು ಕಿನ್ನರಿಯರ ಪಾಲಾಯಿತು. ಆತನ ಹೆಸರು ನಮಗೆ ಉಳಿದಿಲ್ಲ. ಆತನ ಕೈಕೆಲಸವೊಂದು ಉಳಿದಿದೆ. ಅದನ್ನು ಕಂಡಾಗ ಆ ಅಜ್ಞಾತನನ್ನು ನೆನೆಯುವುದು ಸಹೃದಯರ ಧರ್ಮ.