ಹಿಂಚಕ್ರದ ಸ್ಪ್ರಿಂಗಿಗೆ ತೆರುವ ಬೆಲೆ

1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿಯ ಮಣ್ಣುದಾರಿಯಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳಲ್ಲಿ ಇಳಿಜಾರಿನ ಪಂದ್ಯ ನಡೆಸಿದರು. ಕೆಳಗಿಳಿಯುವಷ್ಟರಲ್ಲಿ ಹಿಂಚಕ್ರದ ಬ್ರೇಕಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕಿತ್ತು. ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದು ಹೀಗೆ.

1977ರಲ್ಲಿ ಜೋ ಬ್ರೀಜ್ ಬೆಟ್ಟದ ಸವಾರಿಗೆಂದೇ ಕಟ್ಟಿದ ಸೈಕಲ್ಲಿನಲ್ಲೂ ಸ್ಪ್ರಿಂಗ್ ಇರಲಿಲ್ಲ. 1990ರಲ್ಲಿ ಡುರಾಂಗೊದ ವಿಶ್ವ ಚಾಂಪಿಯನ್‌ಶಿಪ್‌ನ ಇಳಿಜಾರು ಪಂದ್ಯವನ್ನು ಗ್ರೆಗ್ ಹರ್ಬೋಲ್ಡ್ ರಾಕ್‌ಶಾಕ್ಸ್ ಫೋರ್ಕ್ ಬಳಸಿ ಗೆದ್ದ ಮೇಲೆ ಮುಂಚಕ್ರದ ಸಸ್ಪೆನ್ಷನ್ ಬೇರೂರಿತು. ಹಿಂಚಕ್ರಕ್ಕೂ ಅದು ಬಂದ ಮೇಲೆ ಎರಡು ಕುಲಗಳಾದವು: ಮುಂದೆ ಮಾತ್ರ ಇದ್ದರೆ ಹಾರ್ಡ್‌ಟೇಲ್, ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಷನ್.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫುಲ್ ಸಸ್ಪೆನ್ಷನ್ ಏರಿದ ಕುಲ್ಹಾವಿ ಚಿನ್ನ ಗೆದ್ದರು. ಹಾರ್ಡ್‌ಟೇಲ್ ಏರಿದ ಶುರ್ಟರ್ ಬೆಳ್ಳಿ ಪಡೆದರು. ಸುಮಾರು ಒಂದೂವರೆ ಗಂಟೆಯ ಓಟದಲ್ಲಿ ಅವರ ನಡುವಿದ್ದ ಅಂತರ ಒಂದೇ ಸೆಕೆಂಡು.

ಸೀಮಿತ ಹಣದಲ್ಲಿ ಸಹ್ಯಾದ್ರಿಯ ಕಾಲುದಾರಿಗಿಳಿಯುವ ನಮ್ಮಂಥವರಿಗೆ ಈ ಚರಿತ್ರೆ ಉಪಯುಕ್ತ. ಹಿಂಬದಿಯ ಶಾಕ್, ಕೀಲು, ಬೇರಿಂಗುಗಳಿಗೆ ಖರ್ಚುಂಟು. ಮಳೆಗಾಲದ ಕೆಸರು ಅವುಗಳ ದುರಸ್ತಿಯ ವೆಚ್ಚವನ್ನೂ ಹೆಚ್ಚಿಸುತ್ತದೆ. ಅಗ್ಗದ ಫುಲ್ ಸಸ್ಪೆನ್ಷನ್ನಿನಲ್ಲಿ ಆ ಹಣವನ್ನು ಫೋರ್ಕು, ಬ್ರೇಕುಗಳಿಂದಲೇ ಕಡಿತ ಮಾಡಿರುತ್ತಾರೆ. ಅದೇ ಬೆಲೆಯ ಹಾರ್ಡ್‌ಟೇಲ್ ಹಗುರ, ಬ್ರೇಕು ಉತ್ತಮ. ಬಂಡೆಗಳ ಮೇಲೆ ದಿನವಿಡೀ ಧುಮುಕುವವರಿಗೆ ಹಿಂಬದಿಯ ಸ್ಪ್ರಿಂಗ್ ಬೇಕೇ ಬೇಕು. ಅವರು ಇನ್ನಷ್ಟು ಹಣ ಕೂಡಿಸುವುದು ಲೇಸು. ಉಳಿದ ನಾವು ರಿಪ್ಯಾಕ್ ಕಲಿಸಿದಂತೆ ಮೊದಲು ಬ್ರೇಕನ್ನು ನೋಡೋಣ.