ಮಾರ್ದನಿಯನ್ನು ಕಾಲಬುಡಕ್ಕೆ ತಂದವರು

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರು ಯಾರೂ ಸುಮ್ಮನೆ ನಿಂತು ನೋಡಿ ಬರುವುದಿಲ್ಲ. ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದೊಡನೆ ಮಕ್ಕಳು ಕೂಗು ಹಾಕುತ್ತಾರೆ, ದೊಡ್ಡವರು ಚಪ್ಪಾಳೆ ತಟ್ಟುತ್ತಾರೆ. ತಟ್ಟಿದ ಒಂದು ಚಪ್ಪಾಳೆ ಏಳೆಂಟು ಬಾರಿ ಮರಳಿ ಬಂದು, ಪ್ರತಿ ಸಲವೂ ಕೊಂಚ ಕ್ಷೀಣಿಸಿ, ಕೊನೆಗೆ ಕಲ್ಲಿನಲ್ಲಿ ಕರಗಿಹೋಗುತ್ತದೆ. 17ನೇ ಶತಮಾನದಲ್ಲಿ ಮಹಮ್ಮದ್ ಆದಿಲ್ ಶಾಹನ ಸಮಾಧಿಗೆಂದು ಎದ್ದ ಈ ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಓಡುತ್ತದೆ. ಎದುರು ಗೋಡೆಯನ್ನು ಮುಟ್ಟಿ ಮರಳಲು 76 ಮೀಟರ್. ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು.

ಇಷ್ಟು ದೊಡ್ಡ ಕಟ್ಟಡ ಮಾಡುವ ಈ ಕೆಲಸವನ್ನು ಇಂದು ಅಂಗೈಯಗಲದ ಒಂದು ತಗಡಿನ ಡಬ್ಬಿ ಮಾಡುತ್ತದೆ. ಗಿಟಾರ್ ವಾದಕರು ಅದನ್ನು ವೇದಿಕೆಯ ನೆಲದ ಮೇಲಿಟ್ಟು ಕಾಲಿನಿಂದ ಒತ್ತುತ್ತಾರೆ. ಅದರ ಹೆಸರು ಡಿಲೇ ಪೆಡಲ್. ನುಡಿಸಿದ ಸ್ವರವನ್ನು ಅದು ನೆನಪಿನಲ್ಲಿಟ್ಟುಕೊಂಡು, ಹೇಳಿದಷ್ಟು ಹೊತ್ತು ತಡೆದು, ಹೇಳಿದಷ್ಟು ಬಾರಿ ಮರಳಿಸುತ್ತದೆ. ಡಬ್ಬಿ ಚಿಕ್ಕದು, ಅದರ ಹಿಂದಿನ ಚರಿತ್ರೆ ಚಿಕ್ಕದಲ್ಲ. ಆ ಚರಿತ್ರೆ ಗೊತ್ತಿಲ್ಲದೆ ಪೆಡಲ್ ಕೊಂಡ ಹೊಸಬರು ಅದರ ಗುಂಡಿಗಳ ಮುಂದೆ ತಬ್ಬಿಬ್ಬಾಗುವುದೂ ಉಂಟು.

ಟೇಪಿನ ಕಾಲ

ಗಿಟಾರಿಗೆ ಮಾರ್ದನಿ ಅಂಟಿಕೊಂಡದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ. ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಗಾಯಕ ಬಿಂಗ್ ಕ್ರಾಸ್ಬಿ ಒಂದು ಆಂಪೆಕ್ಸ್ ಟೇಪ್ ರೆಕಾರ್ಡರ್ ಕೊಟ್ಟರು. ಲೆಸ್ ಪಾಲ್ ಅದಕ್ಕೆ ಇನ್ನೊಂದು ಹೆಡ್ ಜೋಡಿಸಿ, ಒಂದರ ಮೇಲೊಂದು ಧ್ವನಿ ಪೇರಿಸುವ ಪ್ರಯೋಗಕ್ಕಿಳಿದರು. 1951ರಲ್ಲಿ ಪತ್ನಿ ಮೇರಿ ಫೋರ್ಡ್ ಜತೆ ಅವರು ತಂದ 'ಹೌ ಹೈ ದ ಮೂನ್' ಧ್ವನಿಮುದ್ರಿಕೆ ಒಂಬತ್ತು ವಾರ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಇಬ್ಬರೇ ಸೇರಿ ಒಂದು ಮೇಳದಷ್ಟು ನಾದ ಹೊರಡಿಸಿದ್ದರು.

ಇದರ ಗುಟ್ಟು ಸರಳ. ಟೇಪ್ ರೆಕಾರ್ಡರಿನಲ್ಲಿ ಧ್ವನಿಯನ್ನು ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು. ಇವೆರಡರ ನಡುವೆ ಎರಡು ಅಂಗುಲ ಅಂತರವಿದ್ದು, ಟೇಪು ಸೆಕೆಂಡಿಗೆ 15 ಅಂಗುಲ ಓಡಿತೆನ್ನಿ. ಬರೆದದ್ದು ಓದುವ ಹೆಡ್ಡನ್ನು ತಲುಪಲು ಸುಮಾರು 133 ಮಿಲಿಸೆಕೆಂಡ್ ಬೇಕು. ಟೇಪಿನ ವೇಗವನ್ನು ಅರ್ಧಕ್ಕಿಳಿಸಿದರೆ ಆ ಅವಧಿ ಇಮ್ಮಡಿಯಾಗುತ್ತದೆ. ಓದಿದ್ದನ್ನು ಮೂಲ ಧ್ವನಿಯೊಡನೆ ಬೆರೆಸಿದರೆ ಒಂದು ಮಾರ್ದನಿ. ಓದಿದ್ದನ್ನೇ ಮತ್ತೆ ಬರೆಯುವ ಹೆಡ್ಡಿಗೆ ಕೊಟ್ಟರೆ ಮಾರ್ದನಿಗೆ ಮಾರ್ದನಿ. ಮುಂದೆ ಬಂದ ಡಿಲೇ ಯಂತ್ರಗಳೆಲ್ಲ ಇದೇ ತತ್ವದ ಮಕ್ಕಳು.

ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಯಂತ್ರಗಳನ್ನು ಇದೇ ರೀತಿ ಬಳಸಿದರು. 1954 ಮತ್ತು 55ರಲ್ಲಿ ಎಲ್ವಿಸ್ ಪ್ರೀಸ್ಲಿ ಅಲ್ಲಿ ಹಾಡಿದ ಹಾಡುಗಳಲ್ಲಿ ಧ್ವನಿಯ ಬೆನ್ನಿಗೇ ತಟ್ಟಿದಂತೆ ಕೇಳುವ ಆ ಒಂದೇ ಮಾರ್ದನಿಗೆ 'ಸ್ಲ್ಯಾಪ್‌ಬ್ಯಾಕ್' ಎಂಬ ಹೆಸರು ನಿಂತಿತು.

ಆದರೆ ತೊಂದರೆ ಶುರುವಾದದ್ದೂ ಇಲ್ಲೇ. ಸ್ಟುಡಿಯೋದ ಭಾರಿ ಯಂತ್ರಗಳನ್ನು ಊರೂರಿನ ವೇದಿಕೆಗೆ ಹೊತ್ತೊಯ್ಯುವುದು ಹೇಗೆ? ರೆಕಾರ್ಡು ಕೇಳಿ ಟಿಕೆಟ್ ಕೊಂಡು ಬಂದ ಜನ ಅದೇ ನಾದವನ್ನು ಬಯಸುತ್ತಾರೆ. ಅದು ಸಿಗದಿದ್ದರೆ ವಾದಕನ ಕೈಯಲ್ಲೇ ಏನೋ ಕೊರತೆ ಎಂದುಕೊಳ್ಳುತ್ತಾರೆ. ಸಂಜೆಯ ಕಛೇರಿಯನ್ನೇ ನಂಬಿ ಬದುಕುವ ವಾದಕರಿಗೆ ಇದು ಅನ್ನದ ಪ್ರಶ್ನೆಯಾಗಿತ್ತು. ಇಲಿನಾಯ್ ರಾಜ್ಯದ ಕೈರೋ ಪಟ್ಟಣದ ರೇ ಬಟ್ಸ್ ಎಂಬವರು ಆಂಪ್ಲಿಫಯರಿನ ಒಳಗೇ ಪುಟ್ಟ ಟೇಪ್ ಯಂತ್ರ ಕೂರಿಸಿ 'ಎಕೋಸಾನಿಕ್' ಎಂದು ಕರೆದರು. ಚೆಟ್ ಅಟ್ಕಿನ್ಸ್ ಅದನ್ನು ಕೊಂಡರು. 1955ರಲ್ಲಿ ಎಲ್ವಿಸ್ ತಂಡದ ಗಿಟಾರ್ ವಾದಕ ಸ್ಕಾಟಿ ಮೂರ್ ಕೂಡ ಕೊಂಡರು. ಸ್ಟುಡಿಯೋದ ಮಾರ್ದನಿ ವೇದಿಕೆಗೆ ಬಂತು.

ಮುಂದಿನದು ಪೈಪೋಟಿಯ ಕಾಲ. ಲಂಡನ್ನಿನಲ್ಲಿ ಚಾರ್ಲಿ ವಾಟ್ಕಿನ್ಸ್ 1958ರಲ್ಲಿ 'ಕಾಪಿಕ್ಯಾಟ್' ತಂದರು. ಅಮೆರಿಕದ ಓಹಾಯೋದಲ್ಲಿ ಮೈಕ್ ಬ್ಯಾಟಲ್ ರೂಪಿಸಿದ 'ಎಕೋಪ್ಲೆಕ್ಸ್'ನಲ್ಲಿ ಹೆಡ್ಡನ್ನೇ ಹಿಂದೆ ಮುಂದೆ ಸರಿಸಿ ಮಾರ್ದನಿಯ ಅವಧಿ ಬದಲಿಸಬಹುದಿತ್ತು. ಇಟಲಿಯ ಬಿನ್ಸನ್ ಕಂಪೆನಿ ಟೇಪಿನ ಬದಲು ತಿರುಗುವ ಕಾಂತೀಯ ಡ್ರಮ್ ಬಳಸಿತು. ಪಿಂಕ್ ಫ್ಲಾಯ್ಡ್ ತಂಡದ ಹಲವು ಹಾಡುಗಳಲ್ಲಿ ಕೇಳುವುದು ಆ ಯಂತ್ರದ ನಾದ. ಜಪಾನಿನ ರೋಲ್ಯಾಂಡ್ ಕಂಪೆನಿಯ 'ಸ್ಪೇಸ್ ಎಕೋ ಆರ್‌ಇ-201' 1974ರಲ್ಲಿ ಬಂತು.

ಇವೆಲ್ಲಕ್ಕೂ ಒಂದೇ ಕಾಯಿಲೆ. ಟೇಪು ಸವೆಯುತ್ತಿತ್ತು, ಹೆಡ್ಡಿನಲ್ಲಿ ಕೊಳೆ ಕೂರುತ್ತಿತ್ತು, ಮೋಟಾರಿನ ವೇಗ ಏರುಪೇರಾಗಿ ಸ್ವರ ನಡುಗುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಿ ಕ್ಯಾಸೆಟ್ ಕೇಳಿದ ತಲೆಮಾರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡಗಳ ಸಾಲು

1969ರಲ್ಲಿ ಫಿಲಿಪ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ಸ್ಯಾಂಗ್‌ಸ್ಟರ್ ಮತ್ತು ಟೀರ್ ಎಂಬ ಇಬ್ಬರು ಟೇಪೇ ಬೇಡದ ಒಂದು ಉಪಾಯ ಕಂಡುಹಿಡಿದರು. ಊರಲ್ಲಿ ಬೆಂಕಿ ಬಿದ್ದಾಗ ಕೆರೆಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ನೀರಿನ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದುಂಟಲ್ಲ? ಅದೇ ಕ್ರಮ. ಒಂದು ಚಿಪ್ಪಿನಲ್ಲಿ ಸಾವಿರಾರು ಪುಟ್ಟ ಕೆಪಾಸಿಟರ್‌ಗಳು ಸಾಲಾಗಿರುತ್ತವೆ. ಒಳಗಿನ ಗಡಿಯಾರ ಮಿಡಿದಂತೆಲ್ಲ ಧ್ವನಿಯ ವಿದ್ಯುತ್ ಅಂಶ ಒಂದರಿಂದ ಮುಂದಿನದಕ್ಕೆ ದಾಟುತ್ತದೆ. ಕೊನೆಯ ಮನೆ ಮುಟ್ಟುವ ಹೊತ್ತಿಗೆ ಬೇಕಾದಷ್ಟು ತಡವಾಗಿರುತ್ತದೆ. ಮುಂದೆ ಪೆಡಲ್‌ಗಳಲ್ಲಿ ಹೆಸರಾದ ಜಪಾನಿನ 'ಎಂಎನ್ 3005' ಚಿಪ್ಪಿನಲ್ಲಿ ಇಂಥ 4096 ಮನೆಗಳಿದ್ದವು. ಅದರಿಂದ ಸಿಗುತ್ತಿದ್ದ ತಡ ಹೆಚ್ಚೆಂದರೆ 200 ಮಿಲಿಸೆಕೆಂಡಿನ ಆಸುಪಾಸು ಎಂದು ತಯಾರಕರು ನಮೂದಿಸಿದ್ದರು.

ಕೊಡ ಕೈಬದಲಾಗುವಾಗ ನೀರು ತುಳುಕದೆ ಇರುತ್ತದೆಯೇ? ಇಲ್ಲಿಯೂ ಹಾಗೆಯೇ. ಹೆಚ್ಚು ತಡ ಬೇಕೆಂದರೆ ಗಡಿಯಾರವನ್ನು ನಿಧಾನಗೊಳಿಸಬೇಕು. ನಿಧಾನವಾದಷ್ಟೂ ಧ್ವನಿಯ ಸೂಕ್ಷ್ಮ ವಿವರ, ಅದರಲ್ಲೂ ಮೇಲಿನ ಸ್ವರಗಳ ಹೊಳಪು ಕಳೆದುಹೋಗುತ್ತದೆ. ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪೆನಿಯ 'ಮೆಮರಿ ಮ್ಯಾನ್', 1981ರ ಬಾಸ್ 'ಡಿಎಂ-2' ಮುಂತಾದ ಪೆಡಲ್‌ಗಳ ಮಾರ್ದನಿ ಮಂದವಾಗಿ, ಮಬ್ಬಾಗಿ ಕೇಳುತ್ತಿದ್ದುದು ಇದರಿಂದಲೇ. ತಯಾರಕರಿಗೆ ಇದು ದೋಷ. ಅನೇಕ ವಾದಕರಿಗೆ ಇದೇ ಇಷ್ಟವಾಯಿತು. ಮರಳಿ ಬಂದ ಧ್ವನಿ ಮಬ್ಬಾಗಿದ್ದರೆ ತಾನೆ ಹೊಸದಾಗಿ ನುಡಿಸಿದ್ದು ಮೇಲೆ ತೇಲಿ ಕೇಳುವುದು!

ಅಂಕಿಗಳ ನೆನಪು

ಧ್ವನಿಯನ್ನು ಅಂಕಿಗಳಾಗಿ ಬದಲಿಸಿ ನೆನಪಿನಲ್ಲಿಡುವ ಡಿಜಿಟಲ್ ಯಂತ್ರಗಳು 1971ರ ಹೊತ್ತಿಗೇ ಸ್ಟುಡಿಯೋಗಳಿಗೆ ಬಂದಿದ್ದವು. ಲೆಕ್ಸಿಕಾನ್ ಮತ್ತು ಇವೆಂಟೈಡ್ ಕಂಪೆನಿಗಳು ಈ ದಾರಿಯಲ್ಲಿ ಮೊದಲಿಗರು. ಆದರೆ ಅವುಗಳ ಬೆಲೆ ಸಾಮಾನ್ಯ ವಾದಕನ ಕೈಗೆಟುಕುವಂತಿರಲಿಲ್ಲ. 1983ರ ಕೊನೆಯಲ್ಲಿ ಬಾಸ್ ಕಂಪೆನಿ 'ಡಿಡಿ-2' ಎಂಬ ಪುಟ್ಟ ಡಿಜಿಟಲ್ ಪೆಡಲನ್ನು ಹೊರತಂದಾಗ ಚಿತ್ರ ಬದಲಾಯಿತು. 800 ಮಿಲಿಸೆಕೆಂಡ್‌ವರೆಗೆ ತಡೆದು, ಧ್ವನಿಯನ್ನು ಹೆಚ್ಚು ಕೆಡಿಸದೆ ಹಿಂದಿರುಗಿಸುವ ಯಂತ್ರ ಕಾಲಬುಡಕ್ಕೆ ಬಂತು.

ಅದೇ 1983ರಲ್ಲಿ ಮತ್ತೊಂದು ಬೆಳವಣಿಗೆಯಾಯಿತು. ಬೇರೆ ಬೇರೆ ಕಂಪೆನಿಗಳ ವಾದ್ಯಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು 'ಮಿಡಿ' ಎಂಬ ಸಮಾನ ಭಾಷೆ ಬಳಕೆಗೆ ಬಂತು. ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಅದರ ಹಿಂದಿದ್ದ ಮುಖ್ಯರು. ಈ ಕೆಲಸಕ್ಕಾಗಿ ಇಬ್ಬರಿಗೂ 2013ರಲ್ಲಿ ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಗೌರವ ಸಂದಿತು. ಹಾಡು ಬದಲಾದಾಗ ಕತ್ತಲಲ್ಲಿ ಬಗ್ಗಿ ಗುಂಡಿ ತಿರುಗಿಸುವ ಪಾಡು ಇದರಿಂದ ತಪ್ಪಿತು. ಪ್ರತಿ ಹಾಡಿಗೂ ಬೇಕಾದ ಹೊಂದಿಕೆಯನ್ನು ಮೊದಲೇ ಯಂತ್ರದಲ್ಲಿ ಉಳಿಸಿಟ್ಟು, ಸಮಯಕ್ಕೆ ಸರಿಯಾಗಿ ಕರೆಸಿಕೊಳ್ಳಬಹುದಾಯಿತು.

ವಿಚಿತ್ರವೆಂದರೆ, ಸ್ವಚ್ಛ ಮಾರ್ದನಿ ಕೈಗೆ ಸಿಕ್ಕ ಮೇಲೆ ವಾದಕರು ಹಳೆಯ ಮಬ್ಬನ್ನೇ ಹುಡುಕತೊಡಗಿದರು. 1999ರಲ್ಲಿ ಬಂದ ಲೈನ್ 6 ಕಂಪೆನಿಯ ಹಸಿರು ಬಣ್ಣದ 'ಡಿಎಲ್4' ಪೆಡಲ್ ಹಳೆಯ ಟೇಪು, ಕೊಡಗಳ ಸಾಲು ಎರಡನ್ನೂ ಅಂಕಿಗಳಲ್ಲಿ ಅನುಕರಿಸಿತು. 2011ರ ಸ್ಟ್ರೈಮನ್ 'ಟೈಮ್‌ಲೈನ್'ನಲ್ಲಿ 200 ಹೊಂದಿಕೆಗಳನ್ನು ಉಳಿಸಿಡಬಹುದು. ಟೇಪಿನ ಸವೆತವನ್ನೂ ನಡುಕವನ್ನೂ ಹೆಚ್ಚಿಸಲು, ತಗ್ಗಿಸಲು ಗುಂಡಿಗಳು ಬಂದವು. ಒಂದು ತಲೆಮಾರು ಹತ್ತಿಯಿಂದ ಒರೆಸಿ ತೆಗೆಯುತ್ತಿದ್ದ ಕೊಳೆಗೆ ಮುಂದಿನ ತಲೆಮಾರು ಹಣ ಕೊಟ್ಟಿತು.

ಹೊಂದಿಸುವ ಲೆಕ್ಕ

ಇಷ್ಟೆಲ್ಲ ಸೌಲಭ್ಯವಿದ್ದರೂ ಕಲಿಯುವವರು ಗಮನಿಸಬೇಕಾದ ಮೂಲ ಗುಂಡಿಗಳು ಮೂರೇ. ಮಾರ್ದನಿ ಎಷ್ಟು ತಡವಾಗಿ ಬರಬೇಕು ಎಂಬುದಕ್ಕೆ 'ಟೈಮ್'. ಎಷ್ಟು ಬಾರಿ ಬರಬೇಕು ಎಂಬುದಕ್ಕೆ 'ಫೀಡ್‌ಬ್ಯಾಕ್'. ಮೂಲ ಧ್ವನಿಗೆ ಹೋಲಿಸಿದರೆ ಎಷ್ಟು ಜೋರಾಗಿರಬೇಕು ಎಂಬುದಕ್ಕೆ 'ಮಿಕ್ಸ್'. ಲೆಸ್ ಪಾಲ್ ಯಂತ್ರದ ಹೆಡ್ಡುಗಳ ಅಂತರವೇ ಮೊದಲನೆಯದು; ಓದಿದ್ದನ್ನು ಮತ್ತೆ ಬರೆಯುವ ಪ್ರಮಾಣವೇ ಎರಡನೆಯದು. ಅನೇಕ ಯಂತ್ರಗಳಲ್ಲಿ ಫೀಡ್‌ಬ್ಯಾಕ್ ಮಿತಿಮೀರಿದರೆ ಪ್ರತಿ ಮಾರ್ದನಿಯೂ ಹಿಂದಿನದಕ್ಕಿಂತ ಜೋರಾಗಿ, ಕೊನೆಗೆ ಊಳಿಡುತ್ತದೆ. ಗೋಳಗುಮ್ಮಟದಲ್ಲಿ ಆ ಭಯವಿಲ್ಲ. ಕಲ್ಲು ಪ್ರತಿ ಸಲವೂ ಕೊಂಚ ಧ್ವನಿಯನ್ನು ನುಂಗಿಕೊಳ್ಳುತ್ತದೆ.

ಜೋಡಿಸುವ ಕ್ರಮವೂ ಮುಖ್ಯ. ಧ್ವನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಮೊದಲು, ಡಿಲೇ ನಂತರ ಎಂಬುದು ಸಾಮಾನ್ಯ ರೂಢಿ. ತಿರುವುಮುರುವಾದರೆ ಮೂಲ ಧ್ವನಿ, ಮಾರ್ದನಿ ಎರಡೂ ಒಟ್ಟಿಗೆ ಒರಟಾಗಿ ಕಲಸುಮೇಲೋಗರವಾಗುತ್ತದೆ. ಆಂಪ್ಲಿಫಯರಿನಲ್ಲೇ ಒರಟುತನ ಬರಿಸುವವರು ಅದರ ಹಿಂಬದಿಯ 'ಎಫೆಕ್ಟ್ಸ್ ಲೂಪ್'ಗೆ ಡಿಲೇ ಜೋಡಿಸುತ್ತಾರೆ. ವಿದ್ಯುತ್ತಿನ ಅಡಾಪ್ಟರ್ ಕೊಳ್ಳುವಾಗ ವೋಲ್ಟ್, ಧ್ರುವ ಎರಡನ್ನೂ ನೋಡಬೇಕು. ತಪ್ಪಿದರೆ ಪೆಡಲ್ಲೇ ಸುಟ್ಟುಹೋಗಬಹುದು.

ಮಿಡಿ ಮೂಲಕ ಹೊಂದಿಕೆಗಳನ್ನು ಕರೆಸುವಾಗ ಹೊಸಬರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಮಿಡಿಗೆ 16 ಚಾನೆಲ್‌ಗಳಿವೆ. ಕಳಿಸುವ ಯಂತ್ರ, ಕೇಳುವ ಪೆಡಲ್ ಎರಡೂ ಒಂದೇ ಚಾನೆಲ್ಲಿನಲ್ಲಿ ಇರಬೇಕು. ಇನ್ನು, ಒಂದು ಯಂತ್ರ ಹೊಂದಿಕೆಗಳನ್ನು ಸೊನ್ನೆಯಿಂದ 127ರವರೆಗೆ ಎಣಿಸಿದರೆ ಮತ್ತೊಂದು 1ರಿಂದ 128ರವರೆಗೆ ಎಣಿಸುತ್ತದೆ. ಹಾಗಾಗಿ ಐದನೆಯದನ್ನು ಕರೆದರೆ ಆರನೆಯದು ಬಂದು ನಿಲ್ಲುತ್ತದೆ. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಇವೆರಡನ್ನು ನೋಡುವುದು ಲೇಸು.

ತ, ಕ, ಧಿ, ಮಿ

ಎಲ್ಲಕ್ಕಿಂತ ದೊಡ್ಡ ಪಾಠ ಕಾಲದ್ದು. ನಿಮಿಷಕ್ಕೆ 120 ತಾಳದ ಹಾಡಾದರೆ ಒಂದು ತಾಳಕ್ಕೆ 500 ಮಿಲಿಸೆಕೆಂಡ್. 60,000ವನ್ನು ತಾಳಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ಡಿಲೇಯನ್ನು ಅಷ್ಟಕ್ಕೇ ಇಟ್ಟರೆ ಮಾರ್ದನಿ ತಾಳದ ಮೇಲೇ ಬೀಳುತ್ತದೆ. ಅದರ ಮುಕ್ಕಾಲು ಭಾಗಕ್ಕೆ, ಅಂದರೆ 375ಕ್ಕೆ ಇಟ್ಟರೆ?

ಮೃದಂಗದ ಪಾಠ ಕೇಳಿದವರಿಗೆ ಇದು ಬೇಗ ಹೊಳೆಯುತ್ತದೆ. ಒಂದು ತಾಳವನ್ನು ತ-ಕ-ಧಿ-ಮಿ ಎಂದು ನಾಲ್ಕು ಮಾಡಿಕೊಳ್ಳಿ. ವಾದಕ 'ತ' ಮತ್ತು 'ಧಿ' ಮಾತ್ರ ನುಡಿಸುತ್ತಾನೆ. ಮೂರು ಮಾತ್ರೆ ತಡವಾಗಿ ಮರಳುವ 'ತ' ಹೋಗಿ 'ಮಿ'ಯ ಜಾಗದಲ್ಲಿ ಕೂರುತ್ತದೆ. 'ಧಿ' ಮುಂದಿನ ತಾಳದ 'ಕ'ದಲ್ಲಿ ಕೂರುತ್ತದೆ. ಎರಡು ನುಡಿಸಿದವನಿಗೆ ನಾಲ್ಕೂ ತುಂಬಿ ಬರುತ್ತದೆ. ಐರ್ಲೆಂಡಿನ ಯು2 ತಂಡದ 'ಎಡ್ಜ್' ಹೆಸರಿನ ಗಿಟಾರ್ ವಾದಕ ಈ ಮುಕ್ಕಾಲು ಲೆಕ್ಕವನ್ನೇ ತನ್ನ ಶೈಲಿಯಾಗಿಸಿಕೊಂಡ. 1987ರ 'ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್' ಹಾಡಿನ ಆರಂಭದ ಜುಳುಜುಳು ನಾದ ಇದಕ್ಕೆ ಹೆಸರಾದ ಉದಾಹರಣೆ.

ಡಿಲೇ ಪೆಡಲ್ ಹುಳುಕು ಮುಚ್ಚುವ ಸಾಧನ, ನುಡಿಸಲು ಬಾರದವರ ಊರುಗೋಲು ಎಂಬ ಟೀಕೆ ಹಳೆಯದು. ನಿಧಾನದ ಆಲಾಪದಲ್ಲಿ ಅದು ಸ್ವಲ್ಪ ನಿಜವೂ ಹೌದು. ಈ ಮುಕ್ಕಾಲು ಲೆಕ್ಕದಲ್ಲಿ ಮಾತ್ರ ಅದು ಪೂರ್ತಿ ಸುಳ್ಳು. ವಾದಕನ ಕೈ ಕೂದಲೆಳೆಯಷ್ಟು ಆಚೀಚೆ ಆದರೂ ಮಾರ್ದನಿ ತಪ್ಪು ಜಾಗದಲ್ಲಿ ಬಿದ್ದು, ಆ ತಪ್ಪನ್ನು ನಾಲ್ಕಾರು ಬಾರಿ ಸಾರುತ್ತದೆ. ಕಾಲಿನಿಂದ ತಟ್ಟಿ ತಾಳ ತಿಳಿಸುವ 'ಟ್ಯಾಪ್' ಗುಂಡಿ ಇದ್ದರೂ ತಟ್ಟುವ ಕಾಲಿಗೆ ಮೊದಲು ತಾಳ ತಿಳಿದಿರಬೇಕು.

ಆದ್ದರಿಂದಲೇ ಪೆಡಲನ್ನು ಆರಿಸಿಟ್ಟು, ಮೆಟ್ರೊನೋಮ್ ಮುಂದೆ ಕೈ ಪಳಗಿಸಿದ ಮೇಲೆಯೇ ಅದನ್ನು ಒತ್ತುವುದು ಒಳ್ಳೆಯದು. ಗೋಳಗುಮ್ಮಟದಲ್ಲಿ ಕೂಗು ಹಾಕಿದವರು ಮರುಕ್ಷಣ ಸುಮ್ಮನಾಗಿ ಕಿವಿಗೊಡುತ್ತಾರೆ. ಕಾಲಬುಡದ ಈ ಡಬ್ಬಿ ಕೇಳುವುದೂ ಅಷ್ಟೇ ಗಮನವನ್ನು.