ಕೊಳೆರೋಗದಿಂದ ಹೆಬ್ಬಾಳಕ್ಕೆ

ಕರ್ನಾಟಕದಲ್ಲಿ ಕೃಷಿಯ ಸ್ನಾತಕೋತ್ತರ ಓದಿಗೆ ಬೀಜ ಬಿದ್ದದ್ದು ಯಾವಾಗ ಎಂದು ಕೇಳಿದರೆ ನಾನು 1908 ಎನ್ನುತ್ತೇನೆ. ಆಗ ಇಲ್ಲಿ ಎಂ.ಎಸ್ಸಿ. ಇರಲಿ, ಒಂದು ಕೃಷಿ ಶಾಲೆಯೂ ಇರಲಿಲ್ಲ. ಆದರೆ ಆ ವರ್ಷ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ ವಿಜ್ಞಾನಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದರು. ಜರ್ಮನಿಯಲ್ಲಿ ಡಾಕ್ಟರೇಟ್ ಮುಗಿಸಿ ಬಂದ ಅವರ ಮುಂದೆ ಮಲೆನಾಡು ಇಟ್ಟ ಪ್ರಶ್ನೆ ಒಂದೇ: ಮಳೆ ಹಿಡಿದ ಮೇಲೆ ಅಡಿಕೆಯ ಎಳೆಗಾಯಿ ಕೊಳೆತು ಉದುರುವುದನ್ನು ತಡೆಯುವುದು ಹೇಗೆ?

ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯವನು. ಔಷಧಿ ಬರುವ ಮೊದಲು ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರೆಂದು ಅಜ್ಜ ಹೇಳುತ್ತಿದ್ದರು. ಕಟ್ಟುವುದಕ್ಕೆ ಆಳು ಬೇಕು, ಪ್ರತಿ ಮರ ಹತ್ತಬೇಕು, ಗಾಳಿಗೆ ಜಾರಿದರೆ ಮತ್ತೆ ಹತ್ತಬೇಕು. ಕೋಲ್ಮನ್ ಈ ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಇವತ್ತಿಗೂ ತೋಟದಲ್ಲಿ ನಡೆಯುವುದು ಅದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯಬೇಕು, ತಿರುಗಾಮುರುಗಾ ಮಾಡುವಂತಿಲ್ಲ. ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ರಸಾಯನಶಾಸ್ತ್ರದ ಈ ಪರೀಕ್ಷೆಯನ್ನು ನನಗೆ ಮೊದಲು ಕಲಿಸಿದ್ದು ಮರ ಹತ್ತುವ ನಮ್ಮ ಕೊನೆಗಾರ. ಪ್ರಯೋಗಾಲಯ ಆಮೇಲೆ.

ಕೋಲ್ಮನ್ ಬರುವ ಮೊದಲೇ, 1899ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗದ ಹೊಲ ಇತ್ತು. ಮಹಾರಾಣಿ ವಾಣಿ ವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆಯಲ್ಲಿ ಡಾ. ಲೆಹ್ಮನ್ ಎಂಬ ವಿಜ್ಞಾನಿ ಮಣ್ಣು, ಬೆಳೆಗಳ ಪರೀಕ್ಷೆ ಶುರುಮಾಡಿದ್ದರು. 1913ರಲ್ಲಿ ಅಲ್ಲಿ ಕೃಷಿ ಶಾಲೆ ಬಂತು. ಅದು 1946ರಲ್ಲಿ ಕಾಲೇಜಾಯಿತು, ಮರುವರ್ಷ ಧಾರವಾಡದಲ್ಲೂ ಒಂದು ಕಾಲೇಜು. ಇನ್ನೂ ಮೇಲೆ ಓದುವ ಹಂಬಲವಿದ್ದವರಿಗೆ ಮೊದಲಿನಿಂದಲೂ ಬಿಹಾರದಲ್ಲಿ ಶುರುವಾದ ಪೂಸಾ ಕೃಷಿ ಸಂಸ್ಥೆಯೇ ದೊಡ್ಡ ಹೆಸರು. 1934ರ ಭೂಕಂಪಕ್ಕೆ ಅದರ ಕಟ್ಟಡ ಹಾಳಾಗಿ, ಸಂಸ್ಥೆಯೇ ದೆಹಲಿಗೆ ಹೋಯಿತು. ಅಲ್ಲಿ ಸ್ನಾತಕೋತ್ತರ ಶಾಲೆಗೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿದ್ದು 1958ರಲ್ಲಿ.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿ. ಮಾದರಿ ಅಮೆರಿಕದ್ದು, ಟೆನೆಸಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ಜೊತೆಗೆ ನಿಂತರು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಎಂಬುದು ಅದರ ತತ್ವ. ಪಾಠ ಹೇಳುವವನೇ ಪ್ರಯೋಗ ಮಾಡಬೇಕು, ಫಲಿತಾಂಶವನ್ನು ಹಳ್ಳಿಗೆ ಮುಟ್ಟಿಸುವ ಹೊಣೆಯೂ ವಿಶ್ವವಿದ್ಯಾಲಯದ್ದೇ.

ನಾನು ಎಪ್ಪತ್ತರ ದಶಕದಲ್ಲಿ ಹೆಬ್ಬಾಳಕ್ಕೆ ಸಸ್ಯರೋಗಶಾಸ್ತ್ರ ಓದಲು ಬಂದೆ. ಹಾಸ್ಟೆಲಿನ ಜೊತೆಗಾರ ವಿಸ್ತರಣೆಯವನು. ನನ್ನದು ಪ್ರಯೋಗದ ತಾಕು, ಗೂಟ, ಲೇಬಲ್ಲು. ಅವನದು ಪ್ರಶ್ನಾವಳಿ ಹಿಡಿದು ಹಳ್ಳಿ ಸುತ್ತುವ ಕೆಲಸ. ಸಂಜೆ ಇಬ್ಬರೂ ವಿಭಾಗದ ಫೇಸಿಟ್ ಲೆಕ್ಕದ ಯಂತ್ರದ ಹಿಡಿ ತಿರುವುತ್ತ ಅಂಕಿ ಕೂಡುತ್ತಿದ್ದೆವು. ಒಮ್ಮೆ ಅವನು ಮಂಡ್ಯ ಕಡೆಯಿಂದ ಬಂದವನೇ, "ಯಾವ ತಳಿ ಹಾಕಿದ್ದೀರಿ ಅಂತ ಕೇಳಿದರೆ, ಲಕ್ಷ್ಮಣಯ್ಯನವರ ರಾಗಿ ಅಂತಾರಯ್ಯ" ಎಂದು ನಕ್ಕ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಈ ಲಕ್ಷ್ಮಣಯ್ಯ. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು; ಅದರಲ್ಲಿ ಸಂಕರ ಎಂದರೆ ಬರಿಯ ತಾಳ್ಮೆಯ ಕೆಲಸ. ಆ ತಾಳ್ಮೆಯ ಬೆಲೆ ಹೊಲದವರಿಗೆ ಗೊತ್ತಿತ್ತು.

1986ರಲ್ಲಿ ಧಾರವಾಡ ಬೇರೆ ಕೃಷಿ ವಿಶ್ವವಿದ್ಯಾಲಯವಾಯಿತು, ಆಮೇಲೆ ರಾಯಚೂರು, ಶಿವಮೊಗ್ಗ. ವಿಭಾಗಗಳು ಬೆಳೆದವು, ಪ್ರಬಂಧಗಳು ಕಪಾಟು ತುಂಬಿದವು. ವಿದ್ಯಾರ್ಥಿಗಳ ಜಾಣತನಕ್ಕೆ ಕೊರತೆ ಎಂದೂ ಇರಲಿಲ್ಲ. ಬದಲಾದದ್ದು ಪ್ರಶ್ನೆ ಎಲ್ಲಿಂದ ಬರುತ್ತದೆ ಎಂಬುದು. ಕೋಲ್ಮನ್ನರಿಗೆ ತೋಟದಿಂದ ಬಂತು. ಈಗ ಎಷ್ಟೋ ಸಲ ಹಿಂದಿನ ಪ್ರಬಂಧದ ಕೊನೆಯ ಪುಟದಿಂದ ಬರುತ್ತದೆ.

ಹಾಗಾಗಿ ನನ್ನದೊಂದು ಸಲಹೆ. ಎಂ.ಎಸ್ಸಿ. ವಿದ್ಯಾರ್ಥಿಯ ಸಲಹಾ ಸಮಿತಿಯಲ್ಲಿ ಪ್ರಾಧ್ಯಾಪಕರ ಪಕ್ಕ ಆ ಬೆಳೆ ಬೆಳೆಯುವ ರೈತರೊಬ್ಬರಿಗೂ ಕುರ್ಚಿ ಹಾಕಿ. ವಿಷಯ ಆರಿಸುವ ದಿನ ಅವರು ಎರಡೇ ಪ್ರಶ್ನೆ ಕೇಳಲಿ: ಎಕರೆಗೆ ಖರ್ಚೆಷ್ಟು, ಆಳೆಷ್ಟು ಬೇಕು? ಉತ್ತರ ಸಿಗುವಂತಿದ್ದರೆ ತಾಕು ಹಾಕೋಣ.